ಹಳೆಯ ಪಟ್ಟು, ಹೊಸ ಅಖಾಡ



ಮಕ್ಕಳನ್ನು ಕರೆದುಕೊಂಡು ತಾಲೀಮಿಗೆ ಬರುವ ತಂದೆ-ತಾಯಂದಿರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. "ಹುಡುಗ ಎರಡು ವರ್ಷ ಕರಾಟೆ ಕಲಿತಿದ್ದಾನೆ. ಈಗ ಕುಸ್ತಿಗೆ ಹಾಕಿದರೆ ಆ ಕಲಿಕೆ ಉಪಯೋಗಕ್ಕೆ ಬರುತ್ತದೆಯೆ, ಇಲ್ಲ ದಂಡವಾಯಿತೆ?" ಕುಸ್ತಿ ಬಿಟ್ಟು ಜೂಡೊಗೆ ಹೋಗುವವರು, ಲಾಠಿ ಬಿಟ್ಟು ಫೆನ್ಸಿಂಗ್‌ಗೆ ಹೋಗುವವರು ಕೇಳುವುದೂ ಇದನ್ನೇ. ತಾಲೀಮಿನ ಗುರುಗಳಾದ ವಸ್ತಾದರು ಎರಡು ಬಗೆಯಲ್ಲಿ ಉತ್ತರಿಸುತ್ತಾರೆ. "ಕಲಿತದ್ದು ಯಾವುದೂ ವ್ಯರ್ಥವಾಗುವುದಿಲ್ಲ" ಎನ್ನುವವರು ಕೆಲವರು. "ಹಿಂದಿನದನ್ನೆಲ್ಲ ಮರೆತು ಬಾ" ಎನ್ನುವವರು ಉಳಿದವರು. ಈ ಎರಡು ಉತ್ತರಗಳೂ ಮಗುವಿಗೆ ಅನ್ಯಾಯ ಮಾಡುತ್ತವೆ ಎಂಬುದು ನನ್ನ ನಂಬಿಕೆ. ಯಾವುದು ದಾಟುತ್ತದೆ, ಯಾವುದು ದಾಟುವುದಿಲ್ಲ, ಯಾವುದು ಎದುರಾಳಿಗಿಂತ ಮೊದಲು ನಮ್ಮನ್ನೇ ಕೆಡವುತ್ತದೆ ಎಂದು ಬಿಡಿಸಿ ಹೇಳುವುದು ಕಲಿಸುವವರ ಕರ್ತವ್ಯ. ಹಾಗೆ ಬಿಡಿಸಿ ನೋಡಲು ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರಗಳಿರುವ ಗೋದಾವರಿಯ ಈ ಸೀಮೆಗಿಂತ ಒಳ್ಳೆಯ ಜಾಗ ನನಗೆ ಕಾಣದು.

ನಾಸಿಕ್ ಜಿಲ್ಲೆಯ ಕತೆಯಿಂದಲೇ ಪ್ರಾರಂಭಿಸುತ್ತೇನೆ. ನಿಫಾಡ ತಾಲ್ಲೂಕಿನ ಕೋಠುರೆಯ ಬಾಳಂಭಟ್ಟ ದಾದಾ ದೇವಧರರು ಎರಡನೆಯ ಬಾಜೀರಾಯ ಪೇಶ್ವೆಯ ಕಾಲದವರು. ಹೈದರಾಬಾದಿನ ನಿಜಾಮರ ಕಡೆಯಿಂದ ಅಲಿ ಮತ್ತು ಗುಲಾಬ್ ಎಂಬ ಇಬ್ಬರು ಜಟ್ಟಿಗಳು ಪುಣೆಗೆ ಬಂದು ಸವಾಲು ಹಾಕಿದರಂತೆ. ಎದುರು ನಿಲ್ಲುವವರಿಲ್ಲದಾಗ ಯುವಕ ಬಾಳಂಭಟ್ಟ ಸವಾಲು ಒಪ್ಪಿಕೊಂಡು, ತಯಾರಿಗೆ ಕಾಲಾವಕಾಶ ಕೇಳಿ, ವಣಿಯ ಸಪ್ತಶೃಂಗಿ ಗಡಕ್ಕೆ ಹೋದರು. ಅಲ್ಲಿ ದೇವಿಯ ಆರಾಧನೆ ಮಾಡುತ್ತಿದ್ದಾಗ ಕೋತಿಗಳು ಮರ ಹತ್ತಿ ಇಳಿಯುವ ಚುರುಕನ್ನು ಕಂಡರು. ಸ್ವತಃ ಮಾರುತಿಯೇ ಬಂದು ಹೇಳಿಕೊಟ್ಟ ಎಂದೂ ಕತೆ ಹೇಳುತ್ತದೆ. ಮರದ ಕಂಬದ ಮೇಲೆ ಸಾಮು ಮಾಡಿ, ಪುಣೆಗೆ ಮರಳಿ ಅಲಿಯನ್ನು ಸೋಲಿಸಿದರು. ಇದು ಮಲ್ಲಗಂಬದ ಹುಟ್ಟಿನ ಕತೆ ಎಂದು ಮಹಾರಾಷ್ಟ್ರದ ತಾಲೀಮುಗಳಲ್ಲಿ ಎಲ್ಲರೂ ಹೇಳುತ್ತಾರೆ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಬಾಜೀರಾಯ ಗಂಗಾತೀರದ ಬಿಠೂರಿಗೆ ಹೋದಾಗ ಈ ವಿದ್ಯೆಯೂ ಅವನ ಜೊತೆ ಉತ್ತರಕ್ಕೆ ಹೋಯಿತು.

ಕತೆಯಲ್ಲಿರುವ ದೈವಕೃಪೆಯನ್ನು ಭಕ್ತಿಯಿಂದಲೇ ಸ್ವೀಕರಿಸೋಣ. ನನ್ನ ಮನಸ್ಸು ನಿಲ್ಲುವುದು ಅದರೊಳಗಿನ ಸರಳ ಸಂಗತಿಯ ಮೇಲೆ. ಮನುಷ್ಯನೊಡನೆ ಕುಸ್ತಿ ಆಡಬೇಕಾಗಿದ್ದವನು ಮನುಷ್ಯನಿಲ್ಲದ ಕಡೆ ಹೋಗಿ, ಕಂಬದ ಮೇಲೆ ಮೈ ಪಳಗಿಸಿ ಗೆದ್ದ. ಒಂದು ಕಲೆಯ ತಾಲೀಮು ಮತ್ತೊಂದಕ್ಕೆ ನೆರವಾಗುತ್ತದೆಯೆ ಎಂಬ ಪ್ರಶ್ನೆಗೆ ಈ ನೆಲ ಕೊಟ್ಟ ಉತ್ತರ ಅದು.

ಕನ್ನಡಿಗರು ಇಲ್ಲಿ ಇನ್ನೊಂದನ್ನು ನೆನೆಯಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಜಟ್ಟಿಗಳನ್ನು ಹೇಗೆ ಆರಿಸಬೇಕು, ಏನು ಉಣಿಸಬೇಕು, ಹೇಗೆ ಪಳಗಿಸಬೇಕು ಎಂಬುದನ್ನು ಅರಸ ಆಸ್ಥೆಯಿಂದ ವಿವರಿಸಿದ್ದಾನೆ. ಭಾರ ಎತ್ತುವುದು, ನಡೆಯುವುದು, ನೀರಿಗಿಳಿದು ಶ್ರಮಿಸುವುದು, ತೋಳಿನ ಸಾಮು, ಇವುಗಳ ಜೊತೆಗೆ ಸ್ತಂಭಶ್ರಮವೂ ಬರುತ್ತದೆ. ಅಂದರೆ ಬಾಳಂಭಟ್ಟರಿಗಿಂತ ಏಳು ಶತಮಾನಗಳ ಹಿಂದೆಯೇ ಕುಸ್ತಿಯ ಜಟ್ಟಿ ಕಂಬದೊಡನೆ ಶ್ರಮಿಸುತ್ತಿದ್ದ. ದೇವಧರರು ಮಾಡಿದ್ದು ಸೊನ್ನೆಯಿಂದ ಸೃಷ್ಟಿಯಲ್ಲ, ಮರೆತುಹೋದ ಬೇರಿಗೆ ಮತ್ತೆ ನೀರೆರೆದದ್ದು ಎನ್ನುವವರ ಮಾತು ನನಗೆ ಒಪ್ಪಿಗೆ. ಅದರಿಂದ ಅವರ ಹಿರಿಮೆಗೇನೂ ಕುಂದಿಲ್ಲ.

ಈಗ ಆ ಕಂಬವನ್ನು ಹತ್ತಿರದಿಂದ ನೋಡಿ. ನಾಸಿಕ್‌ನ ಯಶವಂತ ವ್ಯಾಯಾಮಶಾಲೆಯಂಥ ಹಳೆಯ ಸಂಸ್ಥೆಗಳಲ್ಲಿ ಮಕ್ಕಳು ಅದನ್ನು ಏರುವುದನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ತೇಗದ ಅಥವಾ ಬೀಟೆಯ ಕಂಬ, ನೆಲದಿಂದ ಸುಮಾರು ಎಂಟೂವರೆ ಅಡಿ. ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣ, ತುದಿಗೆ ಸ್ವಲ್ಪ ಕೆಳಗೆ ಕಿರಿದಾದ ಕೊರಳು, ಅದರ ಮೇಲೆ ಗುಂಡು ತಲೆ. ಇಲ್ಲಿನ ವಸ್ತಾದರು ಕಂಬದ ಭಾಗಗಳನ್ನು ಅಂಗ, ಮಾನ, ಬೋಂಡ ಎಂದೇ ಕರೆಯುತ್ತಾರೆ. ಮೈ, ಕತ್ತು, ತಲೆ. ಹರಳೆಣ್ಣೆ ಸವರಿದ ಆ ಕಂಬವನ್ನು ಬೆರಳುಗಳಿಂದ ಮಾತ್ರ ಹಿಡಿದವನು ಜಾರಿ ಬೀಳುತ್ತಾನೆ. ಮೊದಲು ಕಲಿಸುವುದು ಅಢಿ, ಅಂದರೆ ಎರಡು ತೊಡೆಗಳ ನಡುವೆ ಕಂಬವನ್ನು ಬಿಗಿದು ನಿಲ್ಲುವುದು. ಆಮೇಲೆ ಬಗಲಿ, ಕಂಕುಳಲ್ಲಿ ಕಂಬವನ್ನು ಅದುಮಿ ಮೈಯನ್ನು ತಲೆಕೆಳಗಾಗಿ ತಿರುಗಿಸುವುದು. ತೊಡೆಯ ಒಳಭಾಗ, ಮುಂಗೈ, ಕಂಕುಳು, ಹೊಟ್ಟೆ, ಎಲ್ಲವೂ ಹಿಡಿತಗಳಾಗುತ್ತವೆ. ಕೆಲವು ತಿಂಗಳು ಹೀಗೆ ಸಾಮು ಮಾಡಿದ ಹುಡುಗ ಮಟ್ಟಿಗೆ, ಅಂದರೆ ಮಣ್ಣಿನ ಅಖಾಡಕ್ಕೆ, ಇಳಿದಾಗ ಅವನ ಜೋಡಿಗೆ ಮೊದಲು ಅರಿವಾಗುವುದು ಅವನ ಬಲವಲ್ಲ, ಅವನು ಅಂಟಿಕೊಳ್ಳುವ ಬಗೆ. ಬೆವರಿನಿಂದ ಜಾರುವ ಮೈಯನ್ನು ಹಿಡಿಯಲು ಅವನಿಗೆ ಬೆರಳುಗಳೇ ಬೇಕಿಲ್ಲ. ತಲೆ ಕೆಳಗಾದರೂ ದಿಕ್ಕು ತಪ್ಪುವುದಿಲ್ಲ.

ಕಂಬದ ಈ ಕಲಿಕೆ ಕುಸ್ತಿಗೆ ಏಕೆ ದಾಟುತ್ತದೆ? 1901ರಲ್ಲಿ ಅಮೆರಿಕದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಮಾತನ್ನು ಪ್ರಯೋಗಗಳಿಂದ ಮುಂದಿಟ್ಟರು. ಒಂದು ಕಲಿಕೆ ಇನ್ನೊಂದಕ್ಕೆ ನೆರವಾಗುವುದು ಎರಡರಲ್ಲೂ ಸಮಾನವಾದ ಅಂಶಗಳು ಎಷ್ಟಿವೆಯೋ ಅಷ್ಟರ ಮಟ್ಟಿಗೆ ಮಾತ್ರ. ಆಕಾರಗಳ ವಿಸ್ತೀರ್ಣವನ್ನು ಅಂದಾಜು ಮಾಡಲು ಚೆನ್ನಾಗಿ ಪಳಗಿದವರು ಕೂಡ ಗಾತ್ರ ಇಲ್ಲವೆ ಆಕಾರ ಬದಲಾದಾಗ ನಿರೀಕ್ಷಿಸಿದಷ್ಟು ಚುರುಕು ತೋರಲಿಲ್ಲ. ಬುದ್ಧಿಯನ್ನು ಒಟ್ಟಾರೆ ಹರಿತ ಮಾಡಿಬಿಟ್ಟರೆ ಎಲ್ಲ ಕಡೆಯೂ ಕೊಯ್ಯುತ್ತದೆ ಎಂಬ ನಂಬಿಕೆಗೆ ಅದು ದೊಡ್ಡ ಪೆಟ್ಟು ಕೊಟ್ಟಿತು. ಮಲ್ಲಗಂಬದ ಮಟ್ಟಿಗೆ ಈ ಮಾತು ಅಕ್ಷರಶಃ ನಿಜ. ಕಂಬಕ್ಕೆ ಮೈ ಇದೆ, ಕತ್ತಿದೆ, ತಲೆ ಇದೆ. ಸಮಾನ ಅಂಶಗಳನ್ನು ನಮ್ಮ ಹಿರಿಯರು ಮರದಲ್ಲೇ ಕಡೆದು ನಿಲ್ಲಿಸಿದ್ದರು.

ಆದರೆ ಕಂಬದ ದೊಡ್ಡ ಗುಣ ಬೇರೆಯೇ ಇದೆ. ಅದು ಉತ್ತರ ಕೊಡುವುದಿಲ್ಲ. ಎದುರಾಳಿ ಎಳೆದರೆ ತಳ್ಳು, ತಳ್ಳಿದರೆ ತಿರುಗು ಎಂಬ ಸವಾಲು-ಜವಾಬಿನ ಚಾಳಿ ಕಂಬದಿಂದ ಹುಟ್ಟುವುದಿಲ್ಲ. ಮೈ ಪಳಗುತ್ತದೆ, ಚಾಳಿ ಅಂಟುವುದಿಲ್ಲ. ಒಂದು ಕಲೆಯಿಂದ ಮತ್ತೊಂದಕ್ಕೆ ಸಲೀಸಾಗಿ ದಾಟುವುದು ಇನ್ನೂ ಯಾವ ನಿಯಮಕ್ಕೂ ಕಟ್ಟುಬೀಳದ ಮೈಯ ತಯಾರಿ. ದಾಟಲು ಒಲ್ಲದ್ದು ನಿರ್ದಿಷ್ಟ ನಿಯಮದ ಒಳಗೆ, ನಿರ್ದಿಷ್ಟ ಎದುರಾಳಿಯ ಮುಂದೆ ಹರಿತವಾದ ಪ್ರತಿಕ್ರಿಯೆ. ನಾವು ಮೆಚ್ಚುವುದು, ಚಪ್ಪಾಳೆ ತಟ್ಟುವುದು ಎರಡನೆಯದಕ್ಕೆ. ಅದಕ್ಕೇ ನಮ್ಮ ಲೆಕ್ಕ ತಪ್ಪುತ್ತದೆ.

ಒಂದು ಪಟ್ಟನ್ನೇ ತೆಗೆದುಕೊಳ್ಳಿ. ಕಲಾಜಂಗ್ ಎಂದರೆ ಬೆಳಗಾವಿಯಿಂದ ನಾಸಿಕ್‌ವರೆಗೆ ಪ್ರತಿ ಪೈಲ್ವಾನನಿಗೂ ಗೊತ್ತು. ಎದುರಾಳಿಯ ಒಂದು ತೋಳನ್ನು ಮುಂದಕ್ಕೆ ಸೆಳೆದು, ಅವನ ತೋಳಿನಡಿ ತಲೆ ತೂರಿಸಿ, ಮತ್ತೊಂದು ಕೈಯನ್ನು ಅವನ ತೊಡೆಗಳ ನಡುವೆ ಹಾಕಿ, ಹೆಗಲ ಮೇಲೆ ಅಡ್ಡಲಾಗಿ ಎತ್ತಿ ಎಸೆಯುವುದು. ಜೂಡೊದಲ್ಲಿ ಇದೇ ಪಟ್ಟಿಗೆ ಕತಾ-ಗುರುಮಾ ಎನ್ನುತ್ತಾರೆ. ಜೂಡೊ ಕಟ್ಟಿದ ಜಿಗೊರೊ ಕಾನೊ ತರುಣರಾಗಿದ್ದಾಗ ತಮಗಿಂತ ಬಹಳ ದಪ್ಪಗಿದ್ದ ಸಹಪಾಠಿಯನ್ನು ಕೆಡವಲಾಗದೆ, ಮೊದಲು ಸೂಮೊದ ಪಟ್ಟುಗಳನ್ನು ನೋಡಿ, ಆಮೇಲೆ ಗ್ರಂಥಾಲಯದಲ್ಲಿ ಪಾಶ್ಚಾತ್ಯ ಕುಸ್ತಿಯ ಪುಸ್ತಕ ಹುಡುಕಿ ಈ ಎಸೆತವನ್ನು ರೂಢಿಸಿಕೊಂಡರು. 1882ರಲ್ಲಿ ಅವರು ಕೊದೊಕಾನ್ ಶಾಲೆ ತೆರೆಯುವ ಹೊತ್ತಿಗೆ ತೆಂಜಿನ್ ಶಿನ್ಯೊ ಮತ್ತು ಕಿತೊ ಎಂಬ ಎರಡು ಜುಜುತ್ಸು ಪಂಥಗಳಲ್ಲಿ ಪಳಗಿದ್ದರು. ಜೂಡೊ ಎಂಬುದೇ ಒಂದು ಕಲೆಯ ಅಭ್ಯಾಸಿ ಇನ್ನೊಂದರ ಬಾಗಿಲು ತಟ್ಟಿದ್ದರ ಫಲ.

ಹಾಗಾದರೆ ಕಲಾಜಂಗ್ ಬಲ್ಲ ನಮ್ಮ ಹುಡುಗ ಜೂಡೊಗೆ ಹೋದರೆ ಗೆದ್ದಂತೆಯೇ? ಹಿಂದೆ ಹಾಗೆಯೇ ಇತ್ತು. 2010ರಿಂದ ಅಂತರರಾಷ್ಟ್ರೀಯ ಜೂಡೊ ಒಕ್ಕೂಟ ಕಾಲು ಹಿಡಿಯುವ ಪಟ್ಟುಗಳಿಗೆ ಕಡಿವಾಣ ಹಾಕಿತು. 2013ರಲ್ಲಿ ನಿಂತ ಪಂದ್ಯದಲ್ಲಿ ಸೊಂಟದ ಕೆಳಗೆ ಕೈಯಿಂದ ಹಿಡಿಯುವುದನ್ನೇ ನಿಷೇಧಿಸಿತು. ತೊಡೆಗೆ ಕೈ ಹಾಕುವ ಕಲಾಜಂಗ್ ಅಂದಿನಿಂದ ಅಲ್ಲಿ ಅಪರಾಧ. ಪಟ್ಟು ಅದೇ, ಮೈ ಅದೇ, ಗುರುತ್ವವೂ ಅದೇ. ಬದಲಾದದ್ದು ನಿಯಮ ಪುಸ್ತಕದ ಕೆಲವು ಸಾಲುಗಳು. ಒಂದು ದಶಕ ದುಡಿದು ಗಳಿಸಿದ ಕೈಚಳಕ ಅಷ್ಟರಿಂದಲೇ ತಪ್ಪಾಗಿಬಿಡುತ್ತದೆ. ಆ ಎಸೆತವನ್ನು ತೋಳು ಮತ್ತು ಕೊರಳಪಟ್ಟಿ ಹಿಡಿದೇ ಮಾಡುವ ರೂಪಗಳನ್ನು ಆಟಗಾರರು ಆಮೇಲೆ ಕಂಡುಕೊಂಡರು. ಎದುರಾಳಿಯ ತೂಕದ ಅಡಿಗೆ ನುಗ್ಗುವ ಕಾಲಚಲನೆ ಬಲ್ಲವನಿಗೆ ಆ ಹೊಸ ರೂಪ ಬೇಗ ಒಲಿಯಿತು. ಕೈ ಎಲ್ಲಿ ಹೋಗಬೇಕೆಂಬುದು ದಾಟಲಿಲ್ಲ, ಕಾಲು ಎಲ್ಲಿ ಊರಬೇಕೆಂಬುದು ದಾಟಿತು.

ಜೂಡೊವರೆಗೆ ಏಕೆ, ಕುಸ್ತಿಯೊಳಗೇ ಎರಡು ಕಲೆಗಳಿವೆ. ಮಣ್ಣಿನದು ಒಂದು, ಮ್ಯಾಟಿನದು ಇನ್ನೊಂದು. ಕರಾಡ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರು 1948ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಅವರ ಮೈ ಮಣ್ಣಿನಲ್ಲಿ ಬೆಳೆದದ್ದು. ಮ್ಯಾಟು ಅವರಿಗೆ ಹೊಸತು, ಅಂತರರಾಷ್ಟ್ರೀಯ ನಿಯಮಗಳೂ ಹೊಸವು. ಅಲ್ಲಿ ಅಮೆರಿಕದ ರೀಸ್ ಗಾರ್ಡ್‌ನರ್ ಅವರಿಗೆ ತರಬೇತಿ ಕೊಟ್ಟರು. ಫ್ಲೈವೇಟ್‌ನಲ್ಲಿ ಆರನೆಯ ಸ್ಥಾನ ಬಂತು. ನಾಲ್ಕು ವರ್ಷ ಬಿಡದೆ ದುಡಿದು 1952ರಲ್ಲಿ ಹೆಲ್ಸಿಂಕಿಯಲ್ಲಿ ಬ್ಯಾಂಟಮ್‌ವೇಟ್ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಮಣ್ಣಿನ ಕುಸ್ತಿ ಅವರನ್ನು ಲಂಡನ್‌ವರೆಗೆ ಕರೆದೊಯ್ದಿತು. ಪದಕಕ್ಕೆ ಇನ್ನೂ ನಾಲ್ಕು ವರ್ಷ ಬೇಕಾಯಿತು. ಈ ನಾಲ್ಕು ವರ್ಷಗಳನ್ನು ಯಾರೂ ಹಗುರವಾಗಿ ಎಣಿಸಬಾರದು.

ಮಣ್ಣು ಮತ್ತು ಮ್ಯಾಟಿನ ನಡುವೆ ನಿಜಕ್ಕೂ ಏನು ಬದಲಾಗುತ್ತದೆ? ಮಟ್ಟಿಯಲ್ಲಿ ಕಾಲು ಹೂತುಕೊಳ್ಳುತ್ತದೆ, ಚಲನೆ ನಿಧಾನ, ಹೊಂಚು ಹಾಕಲು ಸಮಯವಿದೆ. ಮ್ಯಾಟಿನಲ್ಲಿ ಮೂರು ನಿಮಿಷಗಳ ಎರಡು ಸುತ್ತು, ಒಂಬತ್ತು ಮೀಟರ್ ವ್ಯಾಸದ ವೃತ್ತ, ಗೆರೆ ದಾಟಿದರೆ ಅಂಕ ಹೋಯಿತು. ಹಳೆಯ ರೂಢಿಯ ಮಟ್ಟಿಯಲ್ಲಿ ಚಿತ್ ಮಾಡಿದರೆ ಮಾತ್ರ ಗೆಲುವು, ಮ್ಯಾಟಿನಲ್ಲಿ ಒಂದೊಂದು ಹಿಡಿತಕ್ಕೂ ಲೆಕ್ಕ. ಇವೆಲ್ಲ ತಲೆಗೆ ಹೋಗಲು ಒಂದು ವಾರ ಸಾಕು. ಕಷ್ಟ ಕೊಡುವುದು ಕೈ. ಮಣ್ಣಿನ ಕುಸ್ತಿಯಲ್ಲಿ ಲಂಗೋಟಿಗೆ ಕೈ ಹಾಕಿ ಎತ್ತುವುದು ಒಪ್ಪಿತ ಪಟ್ಟು. ಮ್ಯಾಟಿನಲ್ಲಿ ಎದುರಾಳಿಯ ಬಟ್ಟೆ ಹಿಡಿಯುವಂತಿಲ್ಲ. ಪಳಗಿದ ಪೈಲ್ವಾನನಿಗೆ ಇದು ಚೆನ್ನಾಗಿ ಗೊತ್ತು. ಮೊದಲ ಸುತ್ತಿನಲ್ಲಿ ಅವನು ತಪ್ಪುವುದೂ ಇಲ್ಲ. ಎರಡನೆಯ ಸುತ್ತಿನ ಕೊನೆಗೆ, ಉಸಿರು ಕಟ್ಟಿದಾಗ, ಕೈ ತಾನೇ ತಾನಾಗಿ ಸೊಂಟದ ಬಟ್ಟೆಯನ್ನು ಹುಡುಕಿಕೊಂಡು ಹೋಗುತ್ತದೆ. ದಣಿದ ಮೈ ಯಾವಾಗಲೂ ಮೊದಲು ಕಲಿತ ಪಾಠಕ್ಕೆ ಮರಳುತ್ತದೆ. ಇದನ್ನು ತಿಳಿದ ತರಬೇತುದಾರ ಹೊಸ ನಿಯಮವನ್ನು ತಾಜಾ ಮೈಗೆ ಕಲಿಸಿ ಸುಮ್ಮನಾಗುವುದಿಲ್ಲ, ದಣಿಸಿ ದಣಿಸಿ ಪರೀಕ್ಷಿಸುತ್ತಾನೆ.

ಮಹಾರಾಷ್ಟ್ರ ಕೇಸರಿ ಸ್ಪರ್ಧೆ ಈ ಎರಡೂ ಕುಸ್ತಿಗಳನ್ನು ಮುಖಾಮುಖಿ ನಿಲ್ಲಿಸುವ ವ್ಯವಸ್ಥೆ ಮಾಡಿಕೊಂಡಿದೆ. ಮಣ್ಣಿನ ವಿಭಾಗದಲ್ಲಿ ಗೆದ್ದವನೂ ಮ್ಯಾಟಿನ ವಿಭಾಗದಲ್ಲಿ ಗೆದ್ದವನೂ ಕೊನೆಯಲ್ಲಿ ಕೇಸರಿ ಬಿರುದಿಗಾಗಿ ಸೆಣಸುತ್ತಾರೆ. 2020ರ ಜನವರಿಯಲ್ಲಿ ಪುಣೆಯ ಬಾಲೇವಾಡಿಯಲ್ಲಿ ನಾಸಿಕ್ ಜಿಲ್ಲೆಯ ಪರವಾಗಿ ಬಂದ ಹರ್ಷವರ್ಧನ ಸದಗೀರ್ ಲಾತೂರಿನ ಶೈಲೇಶ್ ಶೆಳಕೆಯನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿ ಕೇಸರಿಯಾದರು. ಇಬ್ಬರೂ ಪುಣೆಯಲ್ಲಿ ಕಾಕಾ ಪವಾರರ ಒಂದೇ ತಾಲೀಮಿನಲ್ಲಿ ಬೆಳೆದವರು. ಒಂದೇ ಮನೆಯ ಇಬ್ಬರು ಮಣ್ಣು, ಮ್ಯಾಟು ಎಂಬ ಎರಡು ದಾರಿಗಳಿಂದ ಬಂದು ಕೊನೆಯಲ್ಲಿ ಎದುರಾದರು. ಎರಡನ್ನೂ ಒಟ್ಟಿಗೇ ಕಲಿಸುವ ತಾಲೀಮಿನಲ್ಲಿ ಹಳೆಯದನ್ನು ಮರೆಸುವ ಗೋಜೇ ಇಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಇನ್ನು ಹೊಟ್ಟೆಯ ಮೇಲೆ ಮಲಗುವ ಚಾಳಿ. ಕುಸ್ತಿಯವನಿಗೆ ಬೆನ್ನು ನೆಲಕ್ಕೆ ತಾಗಿದರೆ ಎಲ್ಲ ಮುಗಿದಂತೆ. ಆದ್ದರಿಂದ ಬೀಳುವಾಗ ಮಿಂಚಿನಂತೆ ಹೊರಳಿ ಬೋರಲಾಗುತ್ತಾನೆ. ಮಟ್ಟಿಯಲ್ಲಿ ಅದು ಅವನನ್ನು ಕಾಪಾಡುತ್ತದೆ. ಅದೇ ಹುಡುಗ ಜೂಡೊ ಅಥವಾ ಬ್ರೆಜಿಲ್‌ನ ಜುಜುತ್ಸು ಕಲಿಯಲು ಹೋದರೆ, ಬೋರಲಾದ ಕ್ಷಣವೇ ಎದುರಾಳಿ ಬೆನ್ನೇರಿ ಕತ್ತಿಗೆ ತೋಳು ಸುತ್ತಿ ಉಸಿರುಗಟ್ಟಿಸುತ್ತಾನೆ. ಕುಸ್ತಿಯಲ್ಲಿ ಅತಿ ಸುರಕ್ಷಿತವಾದ ಭಂಗಿ ಅಲ್ಲಿ ಅತಿ ಅಪಾಯದ್ದು. ಇದು ಬುದ್ಧಿಗೇಡಿತನವಲ್ಲ, ಒಳ್ಳೆಯ ವಿದ್ಯೆ ಪರಸ್ಥಳದಲ್ಲಿ ಕೆಡುವ ಬಗೆ. ಹೊಸ ಗುರು ಆ ಹುಡುಗನನ್ನು ಗದರಿದರೆ ಅವನಿಗೆ ತನ್ನ ಹಳೆಯ ಗುರುವಿನ ಮೇಲೆಯೇ ಸಂಶಯ ಬರುತ್ತದೆ. "ಅಲ್ಲಿ ನಿನಗೆ ಕಲಿಸಿದ್ದು ಸರಿ, ಇಲ್ಲಿ ಕತ್ತನ್ನು ಕಾಯಬೇಕು" ಎಂದರೆ ಎರಡೂ ವಿದ್ಯೆಗಳಿಗೆ ಮರ್ಯಾದೆ ಉಳಿಯುತ್ತದೆ. ಈ ಒಂದು ವಾಕ್ಯ ಎಷ್ಟೋ ಮಕ್ಕಳನ್ನು ಅಖಾಡದಲ್ಲಿ ಉಳಿಸಿದೆ.

ಹೊಡೆಯುವ ಕಲೆಗಳಲ್ಲೂ ಇದೇ ಕತೆ. ಕರಾಟೆಯ ಹುಡುಗಿ ಒಂದು ಕೈಯಿಂದ ಗುದ್ದುವಾಗ ಮತ್ತೊಂದನ್ನು ಸೊಂಟಕ್ಕೆ ಎಳೆದುಕೊಳ್ಳುತ್ತಾಳೆ. ಬಾಕ್ಸಿಂಗ್‌ನಲ್ಲಿ ಆ ಕೈ ಕೆನ್ನೆಯ ಬಳಿ ಇರಬೇಕು, ಇಲ್ಲದಿದ್ದರೆ ಮುಖ ಬಯಲು. ಟೇಕ್ವಾಂಡೊ ಸ್ಪರ್ಧೆಯಲ್ಲಿ ಮುಖಕ್ಕೆ ಮುಷ್ಟಿಯಿಂದ ಹೊಡೆಯುವಂತಿಲ್ಲವಾದ್ದರಿಂದ ಅಲ್ಲಿ ಕೈಗಳು ಕೆಳಗೇ ಇರುವುದು ರೂಢಿ. ಆದರೂ ಅಂತರದ ಅಳತೆ, ಹೊಡೆತ ಬರುವಾಗ ಕಣ್ಣು ಮುಚ್ಚದಿರುವ ಧೈರ್ಯ, ಪಾದಗಳ ಲಘುತ್ವ ಇವು ಬಹುಮಟ್ಟಿಗೆ ದಾಟುತ್ತವೆ.

ಛತ್ರಪತಿ ಸಂಭಾಜಿನಗರದ ಕಡೆಗೆ ಬರುತ್ತೇನೆ. ಅಲ್ಲಿನ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯದ ಆವರಣದಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಬಾಕ್ಸಿಂಗ್ ಇದೆ, ಫೆನ್ಸಿಂಗ್ ಇದೆ. ಇದೇ ರಾಜ್ಯದ ಶಸ್ತ್ರಕಲೆಯಾದ ಮರ್ದಾನಿ ಖೇಳದಲ್ಲಿ ದಾಂಡಪಟ್ಟಾ ಎಂಬ ಕತ್ತಿ ತಿರುಗಿಸುವ ಮಕ್ಕಳೂ ಇದ್ದಾರೆ. 2024ರಲ್ಲಿ ಸರ್ಕಾರ ದಾಂಡಪಟ್ಟಾವನ್ನು ರಾಜ್ಯಶಸ್ತ್ರವೆಂದು ಘೋಷಿಸಿತು. ದಾಂಡಪಟ್ಟಾ, ಫೆನ್ಸಿಂಗ್ ಎರಡೂ ಕತ್ತಿಯೇ ತಾನೆ, ಒಂದು ಬಲ್ಲವನಿಗೆ ಇನ್ನೊಂದು ಸುಲಭವಲ್ಲವೆ ಎಂದು ಜನ ಕೇಳುತ್ತಾರೆ. ದಾಂಡಪಟ್ಟಾದ ಹಿಡಿ ಲೋಹದ ಕೈಗವಸಿನೊಳಗಿದೆ. ಮಣಿಕಟ್ಟು ಅಲ್ಲಾಡುವುದಿಲ್ಲ. ಹೊಡೆತ ಹುಟ್ಟುವುದು ಹೆಗಲಿನಿಂದ, ಇಡೀ ಮೈಯ ತಿರುಗುವಿಕೆಯಿಂದ. ಸುತ್ತ ಮುತ್ತಿದ ಹಲವರನ್ನು ದೂರವಿಡುವ ಶಸ್ತ್ರ ಅದು. ಫೆನ್ಸಿಂಗ್ ನಡೆಯುವುದು 14 ಮೀಟರ್ ಉದ್ದದ, ಎರಡು ಮೀಟರ್ ಮೀರದ ಅಗಲದ ಪಟ್ಟಿಯ ಮೇಲೆ, ಒಬ್ಬನೇ ಎದುರಾಳಿಯೊಡನೆ. ಅಲ್ಲಿ ಕತ್ತಿ ಮಾತಾಡುವುದು ಬೆರಳು ಮತ್ತು ಮಣಿಕಟ್ಟಿನಿಂದ. ಪಟ್ಟಾ ಬಲ್ಲವನ ಹೆಗಲು ಎದ್ದುದನ್ನು ಕಂಡೇ ಎದುರಾಳಿ ಅವನ ಮನಸ್ಸು ಓದಿಬಿಡುತ್ತಾನೆ. ಪಟ್ಟಾದಿಂದ ಬಂದವನಿಗೆ ಉಳಿಯುವ ಲಾಭ ತೊಡೆಯ ಬಲ ಮತ್ತು ಉಕ್ಕು ಮುಖದ ಹತ್ತಿರ ಬಂದಾಗ ಅಂಜದ ಎದೆ. ಎರಡೂ ಅಮೂಲ್ಯ. ಕೈಯನ್ನು ಮಾತ್ರ ಹೊಸದಾಗಿ ಕಟ್ಟಬೇಕು.

ಫೆನ್ಸಿಂಗ್‌ನ ಒಳಗೇ ಹತ್ತಿರದ ಎರಡು ಶಸ್ತ್ರಗಳ ಮಾತು ಇನ್ನೂ ಸೂಕ್ಷ್ಮ. ಫಾಯಿಲ್‌ನಲ್ಲಿ ಮುಂಡಕ್ಕೆ ಚುಚ್ಚಿದರಷ್ಟೇ ಅಂಕ, ಮೊದಲು ಆಕ್ರಮಣ ಮಾಡಿದವನಿಗೆ ಅಂಕದ ಹಕ್ಕು. ಎಪೆಯಲ್ಲಿ ಅಡಿಯಿಂದ ಮುಡಿಯವರೆಗೆ ಇಡೀ ಮೈ ಗುರಿ, ಯಾರಿಗೂ ಮುಂಗಡ ಹಕ್ಕಿಲ್ಲ. ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗದೊಳಗೆ ಇಬ್ಬರೂ ಚುಚ್ಚಿದರೆ ಇಬ್ಬರಿಗೂ ಅಂಕ. ಫಾಯಿಲ್‌ನಲ್ಲಿ ಬೆಳೆದವನು ಎಪೆ ಹಿಡಿದಾಗ ಎದುರಿನವನು ಮುಂದೆ ಬಂದ ಕೂಡಲೇ ತಡೆಯಲು ಹೋಗುತ್ತಾನೆ, ಏಕೆಂದರೆ ಹಕ್ಕು ಅವನದೆಂದು ಮೈ ನಂಬಿದೆ. ಎಪೆಯವನು ತಡೆಯುವ ಬದಲು ಮುಂದೆ ಬಂದ ಆ ಕೈಯ ಮಣಿಕಟ್ಟಿಗೇ ಚುಚ್ಚುತ್ತಾನೆ. ದೂರದ ಕಲೆಗಳ ನಡುವೆ ಗೊಂದಲ ಕಡಿಮೆ, ಏಕೆಂದರೆ ಎಲ್ಲವೂ ಹೊಸತೆಂದು ಮೈಗೆ ಗೊತ್ತಿರುತ್ತದೆ. ಅಕ್ಕಪಕ್ಕದ ಕಲೆಗಳೇ ಹೆಚ್ಚು ಮೋಸ ಮಾಡುವುದು. ಮೊದಲ ತಿಂಗಳು ಬೇಗ ಮುಂದೆ ಹೋದ ಮಗು ಆರನೆಯ ತಿಂಗಳು ನಿಂತುಬಿಟ್ಟರೆ ಪೋಷಕರು ಗಾಬರಿಯಾಗಬೇಕಿಲ್ಲ. ಸಮಾನ ಅಂಶಗಳ ಬಂಡವಾಳ ಮುಗಿದು, ಬೇರೆಯಾದದ್ದನ್ನು ಕಲಿಯುವ ಕೆಲಸ ಅಲ್ಲಿಂದ ಶುರುವಾಗಿದೆ.

ಮಲ್ಲಗಂಬದ ಬಗ್ಗೆ ಒಂದು ಕಳವಳವನ್ನು ಹೇಳದೆ ಮುಗಿಸಲಾರೆ. ಮಲ್ಲಗಂಬ ಇಂದು ಸ್ವತಂತ್ರ ಕ್ರೀಡೆ. ಸೊಬಗು, ಕಷ್ಟ, ನಯಕ್ಕೆ ಅಂಕ ಕೊಡುತ್ತಾರೆ. ಕರ್ನಾಟಕದ ಉತ್ತರ ಜಿಲ್ಲೆಗಳ ಮಕ್ಕಳೂ ಅದರಲ್ಲಿ ಚೆನ್ನಾಗಿ ಬೆಳಗುತ್ತಿದ್ದಾರೆ. ಇದು ಹೆಮ್ಮೆಯ ಸಂಗತಿ. ಆದರೆ ಅಂಕಕ್ಕಾಗಿ ಕಟ್ಟಿದ ಸಾಮು ಮೆಲ್ಲಗೆ ತನ್ನದೇ ಚಾಳಿಗಳನ್ನು ಬೆಳೆಸಿಕೊಳ್ಳುತ್ತದೆ. ಪಾದದ ತುದಿ ಚಾಚುವುದು, ಭಂಗಿಯಲ್ಲಿ ಒಂದು ಕ್ಷಣ ನಿಲ್ಲುವುದು ಕುಸ್ತಿಗೆ ಬೇಕಿಲ್ಲ. ಇತ್ತ ಕುಸ್ತಿಯ ತಾಲೀಮುಗಳಿಂದ ಕಂಬ ಮರೆಯಾಗುತ್ತಿದೆ, ಆ ಜಾಗದಲ್ಲಿ ಜಿಮ್‌ನ ಯಂತ್ರಗಳು ಕುಳಿತಿವೆ. ಯಂತ್ರ ಒಂದು ಸ್ನಾಯುವನ್ನು ಒಂದು ದಿಕ್ಕಿನಲ್ಲಿ ಬೆಳೆಸುತ್ತದೆ, ಕಂಕುಳಲ್ಲಿ ಹಿಡಿಯುವುದನ್ನು ಕಲಿಸುವುದಿಲ್ಲ. ಕುಸ್ತಿಗಾಗಿ ಹುಟ್ಟಿದ ವಿದ್ಯೆ, ಮರುಹುಟ್ಟು ಪಡೆದ ಜಿಲ್ಲೆಯಲ್ಲೇ ಕುಸ್ತಿಯವನಿಗೆ ಸಿಗದಂತಾಗುವುದು ನನ್ನನ್ನು ಬಹಳ ನೋಯಿಸುತ್ತದೆ.

ಆದ್ದರಿಂದ ಕಲಿಸುವವರಲ್ಲಿ ಮತ್ತು ದಾನಿಗಳಲ್ಲಿ ನನ್ನ ಬಿನ್ನಹ ಹೀಗಿದೆ. ಹತ್ತು-ಹನ್ನೆರಡರ ಒಳಗಿನ ಮಕ್ಕಳನ್ನು ಒಂದೇ ಕಲೆಗೆ ಕಟ್ಟಿಹಾಕಬೇಡಿ. ಬೀಳುವುದು, ಉರುಳುವುದು, ಹತ್ತುವುದು, ಹಿಡಿಯುವುದು, ಅಂತರ ಅಳೆಯುವುದು, ಇಷ್ಟನ್ನು ಮನದಣಿಯೆ ಕಲಿಯಲಿ. ಬೇರೆ ಕಲೆಯಿಂದ ಬಂದ ಮಗುವಿಗೆ ಮೊದಲ ದಿನವೇ ಎರಡು ಸಂಗತಿ ತೋರಿಸಿ: ನಿನ್ನ ಯಾವ ಚಾಳಿ ಇಲ್ಲಿ ಆಸ್ತಿ, ಯಾವುದು ಅಪಾಯ. ಕತ್ತು, ಕಣ್ಣು, ಮೊಣಕಾಲಿಗೆ ಸಂಬಂಧಿಸಿದ ಅಪಾಯವನ್ನಂತೂ ಜೋಡಿಯೊಡನೆ ಜೋರಿಗೆ ಬಿಡುವ ಮುನ್ನವೇ ಹೇಳಿ. ಈ ಉಪನ್ಯಾಸ ಏರ್ಪಡಿಸಿದಂಥ ದತ್ತಿಗಳ ಹಣ ಕಪ್‌ಗಳಿಗೆ, ಹಾರಗಳಿಗೆ ಹೋಗುವುದಕ್ಕಿಂತ ತಾಲೀಮುಗಳಿಗೆ ಒಂದೊಂದು ತೇಗದ ಕಂಬ, ಅದರ ಬುಡದಲ್ಲಿ ಹಾಸಲು ಒಂದು ಮೆತ್ತೆ, ವಾರಕ್ಕೆರಡು ದಿನ ಬಂದು ಕಲಿಸುವ ಮಲ್ಲಗಂಬದ ಮೇಷ್ಟ್ರಿಗೆ ಗೌರವಧನ, ಇವುಗಳಿಗೆ ಹೋಗಲಿ. ಹೆಣ್ಣುಮಕ್ಕಳಿಗೆ ಬೇರೆ ಹೊತ್ತು ಗೊತ್ತು ಮಾಡಿ. ಮುಂದಿನ ವರ್ಷ ಈ ವೇದಿಕೆಗೆ ಉಪನ್ಯಾಸಕರ ಬದಲು ಇಂಥ ಒಂದು ತಾಲೀಮಿನ ಮಕ್ಕಳನ್ನು ಕರೆಯಿರಿ.